ಬೇಲೂರಿನ ಬಾಗಿಲು: ಅಮೇರಿಕೆಯ ರಾಜ್ಯಘಟನೆಯೂ ಕನ್ನಡಿಗನ ಹಕ್ಕೂ

ಬೇಲೂರು ಎಂದೊಡನೆ ವಾಚಕರ ಕಣ್ಣ ಮುಂದೆ ಚೆನ್ನಕೇಶವನ ದೇಗುಲವೂ ಹೊಯ್ಸಳರ ಶಿಲಾಬಾಲಿಕೆಯರೂ ಬಂದು ನಿಲ್ಲುವುದು ಸಹಜವು. ನಾನು ಹೇಳಹೊರಟಿರುವ ಬೇಲೂರು ಹಾಸನದ ಸೀಮೆಯದಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ನಮ್ಮ ಬೇಲೂರು. ಶಿಲ್ಪವನ್ನು ನೋಡಲು ಇಲ್ಲಿಗೆ ಯಾರೂ ಬರುವುದಿಲ್ಲ. ಕೆಲಸಕ್ಕಾಗಿ ಬರುವರು, ನ್ಯಾಯಕ್ಕಾಗಿ ಬರುವರು. ಏಕೆಂದರೆ ಒಕ್ಕಲುತನ ನಡೆಯುತ್ತಿದ್ದ ಇಲ್ಲಿಯ ನೆಲದ ಮೇಲೆ ಸರಕಾರವು ಕೈಗಾರಿಕಾ ಪ್ರದೇಶವನ್ನು ನಿರ್ಮಿಸಿದೆ. ಅದೇ ಹೆದ್ದಾರಿಯ ಮೇಲೆ, ಅದೇ ಬೇಲೂರಿನ ಸೀಮೆಯಲ್ಲಿ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೂ ನೆಲೆಗೊಂಡಿದೆ. ಪ್ರಜೆಯಿಂದ ಭೂಮಿಯನ್ನು ಪಡೆಯುವ ಅಧಿಕಾರದ ಕುರುಹೂ, ಆ ಅಧಿಕಾರವನ್ನು ಪ್ರಶ್ನಿಸುವ ನ್ಯಾಯಾಸನವೂ ಹೀಗೆ ನೆರೆಹೊರೆಯಾಗಿ ನಿಂತಿರುವ ಸ್ಥಳವು ಕನ್ನಡ ನಾಡಿನಲ್ಲಿ ವಿರಳವೇ ಸರಿ.

ಮುಂಜಾನೆ ಈ ಹಾದಿಯಲ್ಲಿ ಸಾಗುವ ಬಸ್ಸಿನಲ್ಲಿ ಕಾರ್ಖಾನೆಯ ಪಾಳಿಗೆ ಹೊರಟ ತರುಣರೂ, ಕರಿ ಕೋಟಿನ ವಕೀಲರೂ, ಉತಾರಗಳ ಕಟ್ಟನ್ನು ಕೈಚೀಲದಲ್ಲಿಟ್ಟುಕೊಂಡ ಒಕ್ಕಲಿಗರೂ ಒಟ್ಟಿಗೆ ಕುಳಿತಿರುವರು. ಆ ಬಸ್ಸಿನಲ್ಲಿಯೂ ನಮ್ಮ ಊರಿನ ವಾಚನಾಲಯಗಳಲ್ಲಿಯೂ ನಾನು ಎರಡು ಮಾತುಗಳನ್ನು ಪದೇ ಪದೇ ಕೇಳಿದ್ದೇನೆ. ಮೊದಲನೆಯದು ಸುಶಿಕ್ಷಿತ ಗೃಹಸ್ಥರದು. ಅಮೇರಿಕೆಯ ರಾಜ್ಯಘಟನೆಯೇ ರಾಜ್ಯಘಟನೆ. ಕೆಲವೇ ಹಾಳೆಗಳಲ್ಲಿ ಮುಗಿಯುವ ಅದು 1789ರಿಂದ ನಡೆದು ಬಂದಿದೆ. 1992ರ ವರೆಗೆ ಅದಕ್ಕೆ ಆದ ತಿದ್ದುಪಡಿಗಳು 27 ಮಾತ್ರ. ನಮ್ಮದಾದರೋ 1950ರಿಂದ 2023ರ ವರೆಗೆ 106 ಸಲ ತಿದ್ದಿಸಿಕೊಂಡಿದೆ. ಇಂಥ ಗ್ರಂಥದಿಂದ ಯಾವ ಹಕ್ಕು ಉಳಿದೀತು, ಎಂದು ಅವರು ನಿಟ್ಟುಸಿರು ಬಿಡುವರು. ಎರಡನೆಯ ಮಾತು ಉದ್ಯಮಪ್ರಿಯರದು. ಹಕ್ಕು ಹಕ್ಕು ಎಂದು ಎಲ್ಲರೂ ಕೋರ್ಟಿಗೆ ಓಡಿದರೆ ಕಾರ್ಖಾನೆಗಳು ಬರುವುದೆಂತು, ನಮ್ಮ ಹುಡುಗರಿಗೆ ಕೆಲಸ ಸಿಗುವುದೆಂತು, ಉತ್ತರ ಕರ್ನಾಟಕವು ಮುಂದೆ ಬರುವುದೆಂತು, ಎಂದು ಅವರು ಕೇಳುವರು.

ಮೊದಲನೆಯವರು ಅಮೇರಿಕೆಯನ್ನು ಪೂಜಿಸುವರು. ಎರಡನೆಯವರು ಹಕ್ಕನ್ನೇ ಹಳಿಯುವರು. ಇಬ್ಬರೂ ತಪ್ಪು ಹಾದಿಯಲ್ಲಿದ್ದಾರೆಂಬುದು ನನ್ನ ವಾದ. ಆ ವಾದವನ್ನು ವಾಚಕರ ನ್ಯಾಯಾಸನದ ಮುಂದೆ ಇಡುತ್ತೇನೆ, ತೀರ್ಪು ಅವರದು.

ಅಮೇರಿಕೆಯ ರಾಜ್ಯಪದ್ಧತಿಯ ಅಡಿಗಲ್ಲು ಯಾವುದು? ನಮ್ಮ ಹಳ್ಳಿಯ ಒಕ್ಕಲಿಗನಿಗೂ ತಿಳಿಯುವ ಒಂದು ದೃಷ್ಟಾಂತದಿಂದ ಹೇಳುವೆನು. ಊರು ಬಿಟ್ಟು ಹೋಗುವವನು ತನ್ನ ಆಸ್ತಿಯ ವ್ಯವಹಾರಕ್ಕಾಗಿ ಮತ್ತೊಬ್ಬನಿಗೆ ಮುಖತ್ಯಾರಪತ್ರ ಬರೆದುಕೊಡುವನಷ್ಟೆ. ಹೊಲವನ್ನು ಲಾವಣಿಗೆ ಕೊಡಲು ಪತ್ರದಲ್ಲಿ ಅಧಿಕಾರವಿದ್ದರೆ ಮುಖತ್ಯಾರನು ಲಾವಣಿಗೆ ಕೊಡಬಹುದು. ಮಾರಲು ಅಧಿಕಾರವಿಲ್ಲದಿದ್ದರೆ ಅವನು ಮಾಡಿದ ಮಾರಾಟವು ಮಾರಾಟವೇ ಅಲ್ಲ. 1787ನೆಯ ಇಸವಿಯ ಬೇಸಗೆಯಲ್ಲಿ ಫಿಲಾಡೆಲ್ಫಿಯಾ ಪಟ್ಟಣದಲ್ಲಿ ಕೂಡಿದ ಪ್ರತಿನಿಧಿಗಳು ಬರೆದದ್ದು ಇಂಥ ಒಂದು ಮುಖತ್ಯಾರಪತ್ರವನ್ನೇ. ಅಲ್ಲಿ ಧಣಿಯು ಜನತೆ, ಮುಖತ್ಯಾರನು ಸರಕಾರ. ಒಬ್ಬನೇ ಮುಖತ್ಯಾರನು ಸೊಕ್ಕಬಾರದೆಂದು ಅಧಿಕಾರವನ್ನು ಮೂವರಲ್ಲಿ ಹಂಚಿದರು: ಕಾಯದೆ ಮಾಡುವವರು ಬೇರೆ, ನಡೆಯಿಸುವವರು ಬೇರೆ, ನ್ಯಾಯ ಹೇಳುವವರು ಬೇರೆ. ಕೇಂದ್ರಕ್ಕಿಷ್ಟು, ರಾಜ್ಯಗಳಿಗಿಷ್ಟು ಎಂದು ಮತ್ತೊಮ್ಮೆ ಹಂಚಿದರು. ಇಷ್ಟೂ ಸಾಲದೆಂದು ಜನರು ಗಲಭೆ ಮಾಡಲು, 1791ರಲ್ಲಿ ಹತ್ತು ತಿದ್ದುಪಡಿಗಳ ಹಕ್ಕುಪತ್ರವನ್ನು ಸೇರಿಸಿದರು. ಮಾತನಾಡುವ, ಮುದ್ರಿಸುವ, ಸಭೆ ಸೇರುವ, ತನ್ನ ಧರ್ಮದಂತೆ ನಡೆಯುವ ಸ್ವಾತಂತ್ರ್ಯವನ್ನು ಸರಕಾರವು ಕಸಿಯಲಾಗದು. ನ್ಯಾಯವಾದ ಕ್ರಮವಿಲ್ಲದೆ ಯಾರ ಪ್ರಾಣವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ತೆಗೆಯಲಾಗದು. ಸಾರ್ವಜನಿಕ ಕಾರ್ಯಕ್ಕೆ ಆಸ್ತಿಯನ್ನು ಪಡೆದರೆ ನ್ಯಾಯವಾದ ಪರಿಹಾರವನ್ನು ಕೊಡತಕ್ಕದ್ದು. ಮುಂದೆ 1803ರಲ್ಲಿ, ಮಾರ್ಬರಿ ಮೊಕದ್ದಮೆಯಲ್ಲಿ, ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲರು ರಾಜ್ಯಘಟನೆಗೆ ವಿರುದ್ಧವಾದ ಕಾಯದೆಯು ಕಾಯದೆಯೇ ಅಲ್ಲವೆಂದು ಸಾರಿದರು. ಮುಖತ್ಯಾರನು ಪತ್ರವನ್ನು ಮೀರಿದನೇ ಎಂಬುದನ್ನು ನೋಡುವ ಪಂಚನು ಹೀಗೆ ದೊರೆತನು.

ಇದು ಉದಾತ್ತವಾದ ರಚನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಪತ್ರವು ಉದಾತ್ತವಾದ ಮಾತ್ರಕ್ಕೆ ಪ್ರಜೆಗೆ ರಕ್ಷೆ ದೊರೆಯಿತೇ? ಇತಿಹಾಸವನ್ನು ನೋಡೋಣ. ಆ ಪತ್ರವನ್ನು ಬರೆದಾಗ ಲಕ್ಷಾಂತರ ಕರಿಯರು ಅದೇ ದೇಶದಲ್ಲಿ ಗುಲಾಮರಾಗಿದ್ದರು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನು ಬಿಡುಗಡೆಯನ್ನು ಬೇಡಿ ಬಂದಾಗ, ಕರಿಯನು ಈ ದೇಶದ ನಾಗರಿಕನಾಗಲಾರನೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಆ ಕಲಂಕವನ್ನು ತೊಳೆಯಲು ನಾಲ್ಕು ವರ್ಷಗಳ ಅಂತರ್ಯುದ್ಧವೂ 1865, 1868, 1870ರ ಮೂರು ತಿದ್ದುಪಡಿಗಳೂ ಬೇಕಾದುವು. ಅನಂತರವೂ ಶಾಲೆಯಲ್ಲಿ ಕರಿಯ ಮಕ್ಕಳನ್ನು ಬೇರೆ ಕೂಡಿಸುವುದು ಅನ್ಯಾಯವೆಂದು ಹೇಳಿಸಿಕೊಳ್ಳಲು 1954ರ ವರೆಗೆ ಕಾಯಬೇಕಾಯಿತು. ಹೆಂಗಸರ ಮತದ ಹಕ್ಕಿಗೆ ರಾಜ್ಯಘಟನೆಯಲ್ಲಿ ರಕ್ಷೆ ಸಿಕ್ಕಿದ್ದು 1920ರಲ್ಲಿ.

ಬೇಲೂರಿಗೆ ಹತ್ತಿರವಾದ ಭೂಮಿಯ ಮಾತನ್ನೇ ತೆಗೆದುಕೊಳ್ಳೋಣ. ಬಾಲ್ಟಿಮೋರ್ ಪಟ್ಟಣದಲ್ಲಿ ಬ್ಯಾರನ್ ಎಂಬವನ ಹಡಗುಕಟ್ಟೆಯೊಂದಿತ್ತು. ಪಟ್ಟಣದವರು ರಸ್ತೆ ಮಾಡುವಾಗ ಹಳ್ಳಗಳ ದಿಕ್ಕನ್ನು ತಿರುಗಿಸಲು, ಮರಳು ತುಂಬಿ ಅವನ ಕಟ್ಟೆಗೆ ಹಡಗು ಬರುವುದೇ ನಿಂತಿತು. ಪರಿಹಾರ ಕೊಡಿರೆಂದು ಅವನು ಹಕ್ಕುಪತ್ರವನ್ನು ಹಿಡಿದು ಹೋದನು. ಆ ಹಕ್ಕುಪತ್ರವು ಕೇಂದ್ರ ಸರಕಾರವನ್ನು ಮಾತ್ರ ಕಟ್ಟುವುದು, ರಾಜ್ಯವನ್ನೂ ಪಟ್ಟಣವನ್ನೂ ಕಟ್ಟದು, ಎಂದು 1833ರಲ್ಲಿ ತೀರ್ಪಾಯಿತು. ತೀರ್ಪು ಕೊಟ್ಟವರು ಅದೇ ಮಾರ್ಷಲರು! ರಾಜ್ಯಗಳೂ ಪರಿಹಾರ ಕೊಡಬೇಕೆಂದು ನ್ಯಾಯಾಲಯವು ಹೇಳಿದ್ದು 1897ರಲ್ಲಿ. ಇನ್ನೂ ಈಚಿನ ಸಂಗತಿ ಕೇಳಿರಿ. ನ್ಯೂ ಲಂಡನ್ ಎಂಬ ಚಿಕ್ಕ ಪಟ್ಟಣದಲ್ಲಿ ಉದ್ಯಮವೃದ್ಧಿಯ ಹೆಸರಿನಿಂದ ಸಾಮಾನ್ಯರ ಮನೆಗಳನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಆರ್ಥಿಕ ಅಭಿವೃದ್ಧಿಯೂ ಸಾರ್ವಜನಿಕ ಕಾರ್ಯವೇ ಎಂದು 2005ರಲ್ಲಿ ನಾಲ್ವರ ವಿರುದ್ಧ ಐವರು ನ್ಯಾಯಾಧೀಶರು ತೀರ್ಪಿತ್ತರು. ಮನೆಗಳು ಹೋದುವು, ಹೇಳಿದ ಅಭಿವೃದ್ಧಿ ಬರಲಿಲ್ಲ, ನೆಲವು ಎಷ್ಟೋ ವರ್ಷ ಪಾಳು ಬಿದ್ದಿತು. ಆಗ ಎದ್ದ ಜನಾಭಿಪ್ರಾಯಕ್ಕೆ ಅಂಜಿ ಅಲ್ಲಿಯ ಅನೇಕ ರಾಜ್ಯಗಳು ತಮ್ಮ ಕಾಯದೆಗಳನ್ನು ತಿದ್ದಿಕೊಂಡುವು. ಅಲ್ಲಿ ಪ್ರಜೆಯನ್ನು ಕಾಯ್ದದ್ದು ಪತ್ರವೊಂದೇ ಅಲ್ಲವೆಂಬುದನ್ನು ಅಮೇರಿಕಾಭಕ್ತರು ಗಮನಿಸಬೇಕು. ಪತ್ರವನ್ನು ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಬಾಗಿಲು ತಟ್ಟಿದವರು ಅದನ್ನು ಕಾಯ್ದರು.

ಅಷ್ಟೇ ಅಲ್ಲ. ಅಮೇರಿಕೆಯ ರಾಜ್ಯಘಟನೆಯನ್ನು ಇದ್ದಕ್ಕಿದ್ದಂತೆ ತಂದು ಇಲ್ಲಿ ನೆಟ್ಟಿದ್ದರೆ ನಮ್ಮ ಕರ್ನಾಟಕವೇ ಆಗುತ್ತಿತ್ತೋ ಇಲ್ಲವೋ! ಒಂದು ರಾಜ್ಯದ ನೆಲವನ್ನು ಆ ರಾಜ್ಯದ ಶಾಸನಸಭೆಯ ಒಪ್ಪಿಗೆಯಿಲ್ಲದೆ ಒಡೆಯಕೂಡದೆಂದು ಅಲ್ಲಿಯ ನಿಯಮ. ನಮ್ಮ ಮೂರನೆಯ ಅನುಚ್ಛೇದದಲ್ಲಿ ಆ ಶಾಸನಸಭೆಯ ಅಭಿಪ್ರಾಯವನ್ನು ಕೇಳಿದರೆ ಸಾಕು, ನಿರ್ಣಯವು ಪಾರ್ಲಿಮೆಂಟಿನದು. 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತಾಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದುವು. ಅಮೇರಿಕೆಯ ನಿಯಮವಿದ್ದಿದ್ದರೆ ಮುಂಬಯಿಯ ಶಾಸನಸಭೆಯು ಒಲ್ಲೆನೆಂದ ದಿನವೇ ನಮ್ಮ ಏಕೀಕರಣದ ಕಥೆ ಮುಗಿಯುತ್ತಿತ್ತು. 1956ರ ನವೆಂಬರ 1ನೆಯ ತಾರೀಖು ನಮಗೆ ಬಂದದ್ದು ನಮ್ಮದೇ ರಾಜ್ಯಘಟನೆಯ ಬಾಗಿಲಿನಿಂದ. ಅದೇ ಬಾಗಿಲಿನಿಂದಲೇ ಕಾಸರಗೋಡು ನಮ್ಮ ಕೈಬಿಟ್ಟು ಕೇರಳಕ್ಕೆ ಹೋಯಿತೆಂಬ ನೋವನ್ನೂ ನಾನು ಮರೆತಿಲ್ಲ. ಕತ್ತಿಗೆ ಎರಡೂ ಕಡೆ ಅಲಗಿರುತ್ತದೆ. ಆದುದರಿಂದ ಪರರ ಮನೆಯ ತೊಲೆಯನ್ನು ಅಳೆದು ನಮ್ಮ ಮನೆಯನ್ನು ಹಳಿಯುವುದು ಜಾಣತನವಲ್ಲ. ಅಡಿಪಾಯವನ್ನು ನೋಡಬೇಕು. ಅಧಿಕಾರಕ್ಕೆ ಮಿತಿಯುಂಟು, ಆ ಮಿತಿಯನ್ನು ಪ್ರಜೆಯು ನ್ಯಾಯಾಸನದ ಮುಂದೆ ಎತ್ತಿ ತೋರಿಸಬಹುದು ಎಂಬ ಅಡಿಪಾಯವು ಎರಡು ದೇಶಗಳಲ್ಲಿಯೂ ಒಂದೇ.

ಆ ಅಡಿಪಾಯವನ್ನು ನಮ್ಮ ದೇಶದಲ್ಲಿ ಗಟ್ಟಿಗೊಳಿಸಿದವರಲ್ಲಿ ಕನ್ನಡ ಸೀಮೆಯವರ ಪಾತ್ರವೆಷ್ಟು ಎಂಬುದನ್ನು ನಮ್ಮ ಪದವೀಧರರು ಕೂಡ ಅರಿಯರು. ನಾವು ಕಳೆದುಕೊಂಡ ಕಾಸರಗೋಡಿನಿಂದಲೇ ತೊಡಗುವೆನು. ಅಲ್ಲಿಯ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಗೆ ಸಂಬಂಧಿಸಿದ ಕೇರಳದ ಭೂಸುಧಾರಣೆಯ ಕಾಯದೆಯನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ವಾದವು ಬೆಳೆದು ಬೆಳೆದು, ಪಾರ್ಲಿಮೆಂಟು ರಾಜ್ಯಘಟನೆಯನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬ ಪ್ರಶ್ನೆಗೆ ಬಂದು ನಿಂತಿತು. ಹದಿಮೂರು ಜನ ನ್ಯಾಯಾಧೀಶರು 68 ದಿನ ವಾದವನ್ನು ಕೇಳಿದರು. 1973ರ ಎಪ್ರಿಲ್ 24ರಂದು ಆರು ಜನರ ವಿರುದ್ಧ ಏಳು ಜನರ ಬಹುಮತದಿಂದ, ತಿದ್ದಬಹುದು, ಆದರೆ ರಾಜ್ಯಘಟನೆಯ ಮೂಲಸ್ವರೂಪವನ್ನು ಕೆಡಿಸಕೂಡದು, ಎಂದು ತೀರ್ಪಾಯಿತು. ಮಠಕ್ಕೆ ಆ ತೀರ್ಪಿನಿಂದ ಭೂಮಿಯು ಮರಳಲಿಲ್ಲ. ದೇಶಕ್ಕೆ ಒಂದು ಎಲ್ಲೆಗಲ್ಲು ದೊರೆಯಿತು. 106 ತಿದ್ದುಪಡಿಗಳೆಂದು ನಗುವ ಗೃಹಸ್ಥರಿಗೆ ನನ್ನ ಉತ್ತರವಿದು: ತಿದ್ದುಪಡಿಯನ್ನೇ ರದ್ದುಪಡಿಸಬಲ್ಲ ಇಂಥ ಎಲ್ಲೆಗಲ್ಲು ಅಮೇರಿಕೆಯ ಘಟನೆಯಲ್ಲಿಯೂ ಇಷ್ಟು ಸ್ಪಷ್ಟವಾಗಿ ನೆಟ್ಟಿಲ್ಲ.

ಇನ್ನು ನಮ್ಮ ಹುಬ್ಬಳ್ಳಿಗೆ ಬನ್ನಿರಿ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದ ಶಾಸಕರಾಗಿದ್ದ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾಗಿದ್ದಾಗ, ಬಹುಮತವಿದೆಯೋ ಇಲ್ಲವೋ ಎಂಬುದನ್ನು ವಿಧಾನಸಭೆಯಲ್ಲಿ ಪರೀಕ್ಷಿಸಲು ಅವಕಾಶ ಕೊಡದೆ, ರಾಜ್ಯಪಾಲರ ವರದಿಯ ಮೇಲೆ 1989ರ ಎಪ್ರಿಲ್ 21ರಂದು ಅವರ ಸರಕಾರವನ್ನು ವಜಾ ಮಾಡಲಾಯಿತು. ಹೈಕೋರ್ಟಿನಲ್ಲಿ ಅವರು ಸೋತರು. ಸೋತರೂ ಬಿಡದೆ ಮೇಲಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠವು, ಬಹುಮತವನ್ನು ಅಳೆಯುವ ಸ್ಥಳವು ಸದನವೇ ಹೊರತು ರಾಜಭವನವಲ್ಲವೆಂದೂ, ರಾಷ್ಟ್ರಪತಿಗಳ ಘೋಷಣೆಯನ್ನೂ ನ್ಯಾಯಾಲಯವು ಪರಿಶೀಲಿಸಬಹುದೆಂದೂ ಸಾರಿತು. ಅಷ್ಟರಲ್ಲಿ ಐದು ವರ್ಷಗಳು ಸಂದಿದ್ದುವು. ಅವರ ಕುರ್ಚಿ ಅವರಿಗೆ ಮರಳಲಿಲ್ಲ. ಆದರೆ ಅಂದಿನಿಂದ ಯಾವ ರಾಜ್ಯದ ಸರಕಾರವನ್ನೂ ದಿಲ್ಲಿಯವರು ಮನಬಂದಂತೆ ಕಿತ್ತೆಸೆಯುವುದು ಕಠಿನವಾಯಿತು.

ಮೂರನೆಯ ಕಥೆಯಲ್ಲಿ ಸೋಲೂ ಉಂಟು, ಗೆಲುವೂ ಉಂಟು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ನಮ್ಮ ರಾಜ್ಯಘಟನಾಸಭೆಯ ಸಲಹೆಗಾರರು. 1947ರಲ್ಲಿ ಅವರು ಅಮೇರಿಕೆಗೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡರು. ನ್ಯಾಯವಾದ ಕ್ರಮ ಎಂಬ ಮಾತನ್ನು ಬರೆದರೆ ಜನಪ್ರತಿನಿಧಿಗಳ ಕಾಯದೆಗಳ ಮೇಲೆ ನ್ಯಾಯಾಧೀಶರ ಒಡೆತನವಾದೀತೆಂದು ಅವರು ಎಚ್ಚರಿಸಲು, ನಮ್ಮವರು ಆ ಮಾತನ್ನು ಬಿಟ್ಟು ಕಾಯದೆಯು ವಿಧಿಸಿದ ಕ್ರಮ ಎಂದು ಬರೆದರು. ಕಾಯದೆಯೇ ಅನ್ಯಾಯವಾದರೇನು ಗತಿ? ತುರ್ತು ಪರಿಸ್ಥಿತಿಯಲ್ಲಿ ಅದರ ಉತ್ತರ ದೊರೆಯಿತು. ಸೆರೆಯಾದವನು ಹೈಕೋರ್ಟಿನ ಬಾಗಿಲು ತಟ್ಟಬಹುದೆಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆದರೆ 1976ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನು ಮುಚ್ಚಿತು. ಅದನ್ನು ಪ್ರತಿಭಟಿಸಿದವರು ನ್ಯಾಯಮೂರ್ತಿ ಖನ್ನಾರೊಬ್ಬರೇ. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಆ ಕ್ರಮವು ನ್ಯಾಯವಾಗಿಯೂ ಇರಬೇಕೆಂದು ಅದೇ ಕೋರ್ಟು ಹೇಳಿತು. ಕೊನೆಗೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದರು. 1976ರ ಆ ತೀರ್ಪನ್ನೂ ಅಂದೇ ಅಳಿಸಿಹಾಕಿದರು.

ಮಠಾಧಿಪತಿ, ಮುಖ್ಯಮಂತ್ರಿ, ನ್ಯಾಯಮೂರ್ತಿ! ಇವರಿಗೆ ದಿಲ್ಲಿಯ ಬಾಗಿಲು ತಟ್ಟುವ ಶಕ್ತಿಯಿತ್ತು. ಎರಡೆಕರೆಯ ಒಕ್ಕಲಿಗನಿಗೇನು? ಇಲ್ಲಿಂದ ನಾನು ಉದ್ಯಮಪ್ರಿಯರತ್ತ ತಿರುಗುವೆನು.

ಕರ್ನಾಟಕದಲ್ಲಿ ಕಾರ್ಖಾನೆಗಳಿಗಾಗಿ ಭೂಮಿಯನ್ನು ಪಡೆಯುವುದು ಬಹುಮಟ್ಟಿಗೆ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯದೆಯಿಂದ. ಅದರ 28ನೆಯ ಕಲಮಿನ ನಡೆಯನ್ನು ಶಿಕ್ಷಕರು ಗಮನವಿಟ್ಟು ನೋಡಬೇಕು. ಮೊದಲು ಪ್ರಾಥಮಿಕ ಅಧಿಸೂಚನೆ, ಅನಂತರ ನೋಟೀಸು, ತಕರಾರು ಹೇಳಲು ಮೂವತ್ತು ದಿನ, ವಿಚಾರಣೆ, ಆಮೇಲೆ ಅಂತಿಮ ಅಧಿಸೂಚನೆ. ಆ ಅಂತಿಮ ಅಧಿಸೂಚನೆಯು ಗ್ಯಾಝೆಟಿನಲ್ಲಿ ಪ್ರಕಟವಾಯಿತೆಂದರೆ ಭೂಮಿಯು ಆ ಕ್ಷಣವೇ, ಯಾವ ಋಣಭಾರವೂ ಇಲ್ಲದೆ, ಸರಕಾರದ್ದಾಗುವುದು. ಹಣದ ಮಾತು ಬರುವುದು ಮುಂದಿನ ಕಲಮಿನಲ್ಲಿ! ಭೂಮಿ ಹೋಗುವ ಕ್ಷಣವನ್ನು ಕಾಯದೆಯು ಗೆರೆ ಕೊರೆದಂತೆ ಹೇಳುತ್ತದೆ. ಹಣವು ಕೈಗೆ ಬರುವ ದಿನವನ್ನು ಹಾಗೆ ಹೇಳುವುದಿಲ್ಲ. 1894ರ ಹಳೆಯ ಭೂಸ್ವಾಧೀನ ಕಾಯದೆಯಲ್ಲಿ ಎರಡು ವರ್ಷಗಳೊಳಗೆ ಐತೀರ್ಪು ಆಗದಿದ್ದರೆ ಸ್ವಾಧೀನವೇ ಬಿದ್ದುಹೋಗುವ ಗಡುವೊಂದು ಸೇರಿತ್ತು. ಆ ಗಡುವು ಈ ಕೈಗಾರಿಕಾ ಕಾಯದೆಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟು 2011ರಲ್ಲಿ ನಿರ್ಣಯಿಸಿತು.

ಒಮ್ಮೆ ನನ್ನ ಕಕ್ಷಿದಾರರಾದ ವೃದ್ಧ ಒಕ್ಕಲಿಗರೊಬ್ಬರು ನನ್ನ ಮೇಜಿನ ಮೇಲೆ ಕಾಗದಗಳನ್ನು ಹರವಿ, "ವಕೀಲ್ರ, ಹೊಲಾ ಯಾವತ್ತ ಹೋತು ಅನ್ನೂದು ಇದರಾಗ ಬರದೈತ್ರಿ. ರೊಕ್ಕಾ ಯಾವತ್ತ ಬರತೈತಿ ಅನ್ನೂದು ಎಲ್ಲಿ ಬರದೈತಿ, ತೋರಸ್ರಿ" ಎಂದರು. ಇಪ್ಪತ್ತು ವರ್ಷಗಳ ವಕೀಲಿಯಲ್ಲಿ ಇಷ್ಟು ನೇರವಾದ ವಾದವನ್ನು ನಾನು ಯಾವ ಹಿರಿಯ ನ್ಯಾಯವಾದಿಯ ಬಾಯಿಂದಲೂ ಕೇಳಿಲ್ಲ. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಹೀಗೇಕಾಯಿತು? 1950ರಲ್ಲಿ ಆಸ್ತಿಯು ಮೂಲಭೂತ ಹಕ್ಕಾಗಿತ್ತು. ಪಡೆದರೆ ಪರಿಹಾರ ಕೊಡತಕ್ಕದ್ದೆಂದು 31ನೆಯ ಅನುಚ್ಛೇದದಲ್ಲಿತ್ತು. ಜಮೀನುದಾರಿಯನ್ನು ಮುರಿಯಲು ಅದು ಅಡ್ಡವಾಗಲು, 1951ರಲ್ಲಿಯೂ 1955ರಲ್ಲಿಯೂ ತಿದ್ದಿದರು. 1971ರಲ್ಲಿ ಪರಿಹಾರ ಎಂಬ ಶಬ್ದವನ್ನೇ ತೆಗೆದು ಮೊಬಲಗು ಎಂದರು. 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಸಾಲಿನಿಂದಲೇ ಆಸ್ತಿಯನ್ನು ಹೊರಗಿಟ್ಟು, 300ಎ ಎಂಬ ಅನುಚ್ಛೇದದಲ್ಲಿ ಕೂಡಿಸಿದರು. ಉಳುವವನಿಗೆ ನೆಲ ಕೊಡಿಸಿದ ಆ ಸುಧಾರಣೆಯನ್ನು ನಾನು ಹಳಿಯುವವನಲ್ಲ. ನಮ್ಮ ರಾಜ್ಯದಲ್ಲಿ 1974ರಿಂದ ಜಾರಿಗೆ ಬಂದ ಭೂಸುಧಾರಣೆಯು ಅಸಂಖ್ಯ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಆದರೆ ವಿಧಿಯ ವಿಲಾಸವನ್ನು ನೋಡಿರಿ! ದೊಡ್ಡ ಹಿಡುವಳಿದಾರನ ಮೈಮೇಲಿನ ಕವಚವನ್ನು ಉಳುವವನ ಹಿತಕ್ಕಾಗಿ ಕಳಚಿದರು; ಉಳುವವನು ಒಡೆಯನಾಗಿ ನಿಂತ ಹೊತ್ತಿಗೆ ಅವನಿಗೆ ತೊಡಲು ಆ ಕವಚವೇ ಉಳಿದಿರಲಿಲ್ಲ.

ಉಳಿದ ತೆಳು ಬಟ್ಟೆಯನ್ನೇ ನ್ಯಾಯಾಲಯಗಳು ಹೆಣೆದು ದಪ್ಪಗೊಳಿಸುತ್ತಿವೆ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು 300ಎ ಅನುಚ್ಛೇದದಲ್ಲಿ ಏಳು ಹಕ್ಕುಗಳು ಅಡಗಿವೆಯೆಂದು ಎಣಿಸಿ ಹೇಳಿತು: ನೋಟೀಸು ಪಡೆಯುವುದು, ತಕರಾರು ಹೇಳುವುದು, ಕಾರಣಸಹಿತವಾದ ನಿರ್ಣಯ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ಕಾಲಮಿತಿಯೊಳಗಿನ ದಕ್ಷ ನಿರ್ವಹಣೆ, ಕೊನೆಗೆ ಕಾರ್ಯದ ಮುಕ್ತಾಯ. 2025ರ ಜನವರಿ 2ರಂದು ಬಂದ ತೀರ್ಪು ನಮ್ಮದೇ ರಾಜ್ಯದ ಸಂಗತಿ. ಬೆಂಗಳೂರು-ಮೈಸೂರು ಹೆದ್ದಾರಿ ಯೋಜನೆಗಾಗಿ ಇದೇ 1966ರ ಕಾಯದೆಯಿಂದ 2003ರಲ್ಲಿ ಅಧಿಸೂಚನೆಯಾಗಿ 2005ರಲ್ಲಿ ಕಬಜೆ ಹೋದ ಭೂಮಿಗೆ ಐತೀರ್ಪು ಆದದ್ದು 2019ರಲ್ಲಿ. ತಡ ಮಾಡಿದವರು ಅಧಿಕಾರಿಗಳು. ಹಳೆಯ ಬೆಲೆಯ ನಷ್ಟವನ್ನು ಪ್ರಜೆಯೇಕೆ ಹೊರಬೇಕು, ಎಂದು ಕೇಳಿದ ಸುಪ್ರೀಂ ಕೋರ್ಟು 2019ರ ಎಪ್ರಿಲ್ 22ರ ಮಾರುಕಟ್ಟೆಯ ಬೆಲೆಯಂತೆ ಪರಿಹಾರವನ್ನು ಗೊತ್ತುಪಡಿಸಲು ಆಜ್ಞಾಪಿಸಿತು. ಉದ್ಯಮಪ್ರಿಯರೇ, ಹೇಳಿರಿ: ಇಲ್ಲಿ ಅಭಿವೃದ್ಧಿಗೆ ಅಡ್ಡ ಬಂದದ್ದು ಪ್ರಜೆಯ ಹಕ್ಕೋ, ಕಚೇರಿಯ ಆಲಸ್ಯವೋ? ಹಣವನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಕೋರ್ಟಿನ ಮೆಟ್ಟಲು ಹತ್ತಲು ಯಾರಿಗೆ ಹುಚ್ಚು? ಕಾರ್ಖಾನೆ ಬೇಕು, ಬೇಲೂರಿನಲ್ಲಿ ಬಸ್ಸು ಕಟ್ಟುವ ನಮ್ಮ ತರುಣರ ಕೈಕಸುಬಿನ ಬಗ್ಗೆ ನನಗೂ ಅಭಿಮಾನವುಂಟು. ಬೇಡವಾದುದು ಒಕ್ಕಲಿಗನ ಹೆಗಲ ಮೇಲೆ ಬಡ್ಡಿಯಿಲ್ಲದ ಸಾಲವಾಗಿ ಕಟ್ಟುವ ಅಭಿವೃದ್ಧಿ.

ಈಗ ಆ ಬಾಗಿಲಿನ ಮಾತು. 1950ಕ್ಕೆ ಮೊದಲು ಸರಕಾರದ ವಿರುದ್ಧ ರಿಟ್ ಹೊರಡಿಸುವ ಅಧಿಕಾರವು ಬಹುಮಟ್ಟಿಗೆ ಕಲಕತ್ತೆ, ಮುಂಬಯಿ, ಮದರಾಸುಗಳ ಹೈಕೋರ್ಟುಗಳಿಗೆ, ಅದೂ ಆ ಪಟ್ಟಣಗಳ ಎಲ್ಲೆಯೊಳಗೆ, ಸೀಮಿತವಾಗಿತ್ತು. 226ನೆಯ ಅನುಚ್ಛೇದವು ಆ ಅಧಿಕಾರವನ್ನು ಪ್ರತಿಯೊಂದು ಹೈಕೋರ್ಟಿಗೂ ಕೊಟ್ಟಿತು. ಕೊಟ್ಟರೇನು? ನಮ್ಮ ಹೈಕೋರ್ಟು ನಾನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನಲ್ಲಿತ್ತು. ನಾನು ಸನದು ಪಡೆದ ಹೊಸತರಲ್ಲಿ ರಾತ್ರಿಯ ಗಾಡಿಯಲ್ಲಿ ಕಕ್ಷಿದಾರರೊಡನೆ ಹೋಗಿ, ಮೊಕದ್ದಮೆಯು ಮುಂದಕ್ಕೆ ಬಿದ್ದಿತೆಂಬ ಸುದ್ದಿಯನ್ನು ಹೊತ್ತು ಮರುರಾತ್ರಿಯ ಗಾಡಿಯಲ್ಲಿ ಮರಳಿದ ದಿನಗಳುಂಟು. ಎರಡು ದಿನದ ದುಡಿಮೆ, ಇಬ್ಬರ ಗಾಡಿಯ ಖರ್ಚು, ಕೈಗೆ ಬಂದದ್ದು ಒಂದು ತಾರೀಖು! ಈ ಭಾಗದ ವಕೀಲರೂ ಜನರೂ ದಶಕಗಳ ಕಾಲ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡದಲ್ಲಿಯೂ ಕಲಬುರ್ಗಿಯಲ್ಲಿಯೂ ಸಂಚಾರಿ ಪೀಠಗಳು ಬಂದುವು. 2013ರಲ್ಲಿ ಕಾಯಂ ಪೀಠಗಳಾದುವು. ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿಗಳ ಬಡವನು ಇಂದು ರೊಟ್ಟಿಯ ಗಂಟು ಕಟ್ಟಿಕೊಂಡು ಬೇಲೂರಿಗೆ ಬಂದು ಅದೇ ದಿನ ಊರಿಗೆ ಮರಳಬಲ್ಲನು. ಮಾರ್ಷಲರ 1803ರ ತೀರ್ಪಿಗೆ ನಮ್ಮ ಸೀಮೆಯಲ್ಲಿ ಅರ್ಥ ಬಂದದ್ದು ಅಂದು.

ಆದರೆ ಬಾಗಿಲ ಒಳಗೆ ಹೋದವನಿಗೆ ಕೇಳುವ ಭಾಷೆ ಯಾವುದು? ತನ್ನ ಹೊಲ, ತನ್ನ ಬಾವಿ, ತನ್ನ ಹೆಸರು. ಇವುಗಳ ಬಗ್ಗೆ ನಡೆಯುವ ವಾದವು ಇಂಗ್ಲೀಷಿನಲ್ಲಿ! ಗೆದ್ದೆನೋ ಸೋತೆನೋ ಎಂಬುದನ್ನು ಅವನು ವಕೀಲನ ಮುಖವನ್ನು ನೋಡಿ ತಿಳಿಯಬೇಕು. ಕೆಳಗಿನ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿನ ಭಾಷೆಯು 348ನೆಯ ಅನುಚ್ಛೇದದಂತೆ ಇಂಗ್ಲೀಷು. ರಾಷ್ಟ್ರಪತಿಗಳ ಸಮ್ಮತಿಯಿಂದ ರಾಜ್ಯಪಾಲರು ರಾಜ್ಯಭಾಷೆಗೆ ಅನುಮತಿ ಕೊಡಬಹುದೆಂದು ಅದೇ ಅನುಚ್ಛೇದದಲ್ಲಿದೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯ ಪ್ರದೇಶ, ಬಿಹಾರಗಳ ಹೈಕೋರ್ಟುಗಳಲ್ಲಿ ಹಿಂದಿಗೆ ಆ ಅನುಮತಿ ಸಿಕ್ಕಿದೆ. ಕನ್ನಡಕ್ಕಾಗಿ, ತಮಿಳಿಗಾಗಿ, ಗುಜರಾತಿ ಬಂಗಾಳಿಗಳಿಗಾಗಿ ಕೇಳಿದ ಪ್ರಸ್ತಾಪಗಳನ್ನು ಒಪ್ಪುವುದಿಲ್ಲವೆಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಪೂರ್ಣಸಭೆಯು 2012ರಲ್ಲಿ ತಿಳಿಸಿತು. ಒಂದೇ ರಾಜ್ಯಘಟನೆಯ ಕೆಳಗೆ ಹಿಂದಿಗೆ ಒಂದು ಅಳತೆ, ಕನ್ನಡಕ್ಕೆ ಒಂದು ಅಳತೆಯೇ?

ಅಮೇರಿಕಾಭಕ್ತರು ಇಲ್ಲಿ ಅಮೇರಿಕೆಯಿಂದ ಕಲಿಯಲಿ. 1787ರಲ್ಲಿ ಹೊಸ ರಾಜ್ಯಘಟನೆಯು ಬೇಕೋ ಬೇಡವೋ ಎಂಬ ವಾದವು ನಡೆದದ್ದು ನಮ್ಮ ಈ ಪತ್ರಿಕೆಯಂಥ ವರ್ತಮಾನಪತ್ರಗಳಲ್ಲಿ. ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಈ ಮೂವರು ಒಂದೇ ಗುಪ್ತನಾಮದಿಂದ 85 ಲೇಖನಗಳನ್ನು ಬರೆದರು. ವಿರೋಧಿಗಳೂ ಅಷ್ಟೇ ಹುರುಪಿನಿಂದ ಬರೆದರು. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಒಕ್ಕಲಿಗರಿಗಾಗಿ ಆ ಘಟನೆಯನ್ನು ಜರ್ಮನ್ ಭಾಷೆಯಲ್ಲಿಯೂ ಅಚ್ಚುಹಾಕಿದರು. ತನಗೆ ತಿಳಿಯದ ಭಾಷೆಯ ಮುಖತ್ಯಾರಪತ್ರಕ್ಕೆ ರುಜು ಹಾಕಿದ ಧಣಿಯು ಧಣಿಯಾಗಿ ಉಳಿಯಲಾರನೆಂಬುದನ್ನು ಅವರು ಅರಿತಿದ್ದರು.

ಆದುದರಿಂದ ನನ್ನ ಬೇಡಿಕೆಗಳು ಮೂರು. ಒಂದು, ರಾಜ್ಯಸರಕಾರವು 1966ರ ಕಾಯದೆಯನ್ನು ತಿದ್ದಲಿ. ಪರಿಹಾರವನ್ನು ಗೊತ್ತುಪಡಿಸಿ ಹಣವನ್ನು ಒಕ್ಕಲಿಗನ ಹೆಸರಿನಲ್ಲಿ ಇಡುವ ವರೆಗೆ ಭೂಮಿಯು ಸರಕಾರದ್ದಾಗದಿರಲಿ. ಗೊತ್ತಾದ ಗಡುವು ಮೀರಿದರೆ ಸ್ವಾಧೀನವು ಬೀಳಲಿ. ಎರಡು, 348ನೆಯ ಅನುಚ್ಛೇದದ ಕೆಳಗೆ ಕನ್ನಡದ ಪ್ರಸ್ತಾಪವನ್ನು ಸರಕಾರವು ಮತ್ತೆ ಕಳಿಸಲಿ. ಅನುಮತಿ ಬರುವ ವರೆಗೆ, ಭೂಮಿಯ ಪ್ರತಿಯೊಂದು ತೀರ್ಪಿನ ಕನ್ನಡ ಪ್ರತಿಯು ಕಕ್ಷಿದಾರನ ಕೈಗೆ ಸಿಗುವ ಏರ್ಪಾಡಾಗಲಿ. ಮೂರನೆಯದು ನಿಮ್ಮಲ್ಲಿ, ಶಿಕ್ಷಕ ಬಂಧುಗಳೇ. 2023ರಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ರಾಜ್ಯಘಟನೆಯ ಪೀಠಿಕೆಯನ್ನು ಓದಿಸುವ ಏರ್ಪಾಡು ಬಂದಿತು, ಸಂತೋಷ. ಆದರೆ ಬಾಯಿಪಾಠದಿಂದ ಹಕ್ಕು ಉಳಿಯದು. ಏಳನೆಯ ಇಯತ್ತೆಯ ಹುಡುಗನಿಗೆ ಒಂದು ಭೂಸ್ವಾಧೀನದ ನೋಟೀಸನ್ನು ಓದಲು ಕಲಿಸಿರಿ. ಸರ್ವೆ ನಂಬರು ಎಲ್ಲಿ, ತಾರೀಖು ಎಲ್ಲಿ, ಮೂವತ್ತು ದಿನಗಳು ಎಂದಿಗೆ ತೀರುವುವು ಎಂಬುದನ್ನು ಅವನು ತನ್ನ ತಂದೆಗೆ ಓದಿ ಹೇಳಲಿ. ಎಷ್ಟೋ ಒಕ್ಕಲಿಗರು ಆ ಮೂವತ್ತು ದಿನಗಳನ್ನು ಕಳೆದುಕೊಂಡು ಮೂವತ್ತೊಂದನೆಯ ದಿನ ನಮ್ಮಂಥವರ ಮೇಜಿನ ಮುಂದೆ ಬಂದು ಕೂಡುವರು.

ಧಾರವಾಡವು 1890ರಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿ ಕನ್ನಡಿಗರಿಗೆ ತಾವು ಯಾರೆಂಬುದನ್ನು ತಿಳಿಸಿದ ಊರು. ನಾಡು ಒಂದಾಯಿತು, ನಾಡಿಗನು ಧಣಿಯಾಗುವುದು ಇನ್ನೂ ಉಳಿದಿದೆ. ಕನ್ನಡಿಗರೇ, ಮುಂದಿನ ಸಲ ಬೆಳಗಾವಿಯ ಹಾದಿ ಹಿಡಿದಾಗ ಬೇಲೂರಿನ ಹತ್ತಿರ ಒಂದು ಕ್ಷಣ ಕಣ್ಣೆತ್ತಿ ನೋಡಿರಿ. ಉತಾರಗಳ ಕಟ್ಟನ್ನು ಹಿಡಿದು ಬಸ್ಸಿನಿಂದಿಳಿದು ನ್ಯಾಯಾಲಯದತ್ತ ನಡೆಯುವ ಮುದುಕನನ್ನು ಕಂಡರೆ, ಪಾಪ, ವ್ಯಾಜ್ಯದ ಹುಚ್ಚು ಹಿಡಿದವನೆಂದು ಮರುಗಬೇಡಿರಿ. ತನ್ನ ಮುಖತ್ಯಾರನಿಂದ ಲೆಕ್ಕ ಕೇಳಲು ಹೊರಟ ಧಣಿ ಅವನು. ಅವನಿಗೆ ದಾರಿ ಬಿಡಿರಿ. ಸಾಧ್ಯವಾದರೆ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.